ಮೀಟರಿನಲ್ಲಿ ಬರೀ 6 ಗಂಟೆ: ಒಂದು ಮನೆ, ಒಂದು ಬೋಟ್, ಏಳು ಸೀಸನ್

ನಾನು ಬೋಟ್ ಸರ್ವಿಸ್ ಮಾಡುವವನು. ಸೀಸನ್ ಮುಗಿದು ಬೋಟ್ ನನ್ನ ಶೆಡ್ಡಿಗೆ ಬಂದ ತಕ್ಷಣ ಗಂಟೆ ಮೀಟರ್ ನೋಡುತ್ತೇನೆ. ಕಾರಿಗೆ ಕಿಲೋಮೀಟರ್ ಇದ್ದ ಹಾಗೆ ಬೋಟಿಗೆ ಗಂಟೆ. ಎಂಜಿನ್ ಎಷ್ಟು ಹೊತ್ತು ಓಡಿದೆ ಅನ್ನುವುದು ಅದರಲ್ಲಿ ಕೂತಿರುತ್ತದೆ. ಮಾಲೀಕರು ಏನೇ ಹೇಳಲಿ, ಆ ಮನೆಯವರು ಆ ವರ್ಷ ನೀರಿಗಿಳಿದರೋ ಇಲ್ಲವೋ ಅಂತ ಮೀಟರ್ ಹೇಳಿಬಿಡುತ್ತದೆ.

ಸ್ವಂತ ಪವರ್‌ಬೋಟ್ ಇಟ್ಟುಕೊಂಡವರ ಉತ್ಸಾಹ ಇಳಿಯುತ್ತಿರುವುದನ್ನು ನಾನು ಹೀಗೇ ಕಂಡದ್ದು. ಅಂಥ ಒಂದು ಮನೆಯ ಪ್ರಕರಣ ಇದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಉದ್ಯೋಗ, ಬೋಟಿನ ಕಂಪನಿ ಎಲ್ಲ ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಗಂಟೆಗಳ ಲೆಕ್ಕ ಮಾತ್ರ ಮೀಟರಿನಲ್ಲಿ ಇದ್ದ ಹಾಗೇ ಇದೆ.

ಹಿನ್ನೆಲೆ

ಗಂಡ, ಹೆಂಡತಿ, ಮಗಳು, ಮಗ. 2016ರಲ್ಲಿ ಬೋಟ್ ಕೊಂಡಾಗ ಮಗಳಿಗೆ 12, ಮಗನಿಗೆ 9. ಮಾಲೀಕರು ಚಿಕ್ಕವರಿದ್ದಾಗ ಅವರ ಅಪ್ಪನ ಹತ್ತಿರ ಒಂದು ಸಣ್ಣ ಔಟ್‌ಬೋರ್ಡ್ ದೋಣಿ, ಅಂದರೆ ಹಿಂಬದಿಯ ಹೊರಗೆ ಮೋಟಾರ್ ತಗುಲಿಸಿದ ದೋಣಿ, ಇತ್ತು. ಅದರಲ್ಲಿ ಕಳೆದ ಬೇಸಿಗೆಗಳನ್ನು ಅವರು ಮರೆತಿರಲಿಲ್ಲ. ತಮ್ಮ ಮಕ್ಕಳಿಗೂ ಅದು ಸಿಗಬೇಕು ಅನ್ನುವುದು ಅವರ ಆಸೆ. ಇದರಲ್ಲಿ ತೋರಿಕೆ ಏನೂ ಇರಲಿಲ್ಲ, ನಾನು ಬಲ್ಲೆ.

ಕೊಂಡದ್ದು 21 ಅಡಿಯ ಸೆಕೆಂಡ್ ಹ್ಯಾಂಡ್ ಬೋಟ್. ಮುಂದೆಯೂ ಕೂರಲು ಜಾಗ, ಹಿಂದೆ 220 ಎಚ್‌ಪಿ ಪೆಟ್ರೋಲ್ ಎಂಜಿನ್, ಹಿಂಬದಿಯ ಹೊರಗೆ ಡ್ರೈವ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಭಾಗ. ಮೀಟರಿನಲ್ಲಿ 140 ಗಂಟೆ. ತಳ ಗಟ್ಟಿಯಾಗಿತ್ತು, ಫೈಬರಿನ ಒಳಗಿನ ಮರಕ್ಕೆ ನೀರು ಇಳಿದಿರಲಿಲ್ಲ. ಕೊಳ್ಳುವ ಮುಂಚೆ ತಟ್ಟಿ ನೋಡಿದವನು ನಾನೇ. ಬೋಟಿನಲ್ಲಿ ಏನೂ ದೋಷ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಥೆ ಕೇಳಿದವರೆಲ್ಲ ಮೊದಲು ಬೋಟನ್ನೇ ಬೈಯುತ್ತಾರೆ.

ವರ್ಷದ ಖರ್ಚಿನ ಬಗ್ಗೆ ನಮ್ಮವರಲ್ಲಿ ಒಂದು ಅಂದಾಜು ಲೆಕ್ಕ ಇದೆ. ಬೋಟಿನ ಬೆಲೆಯ 10% ಅಷ್ಟು ಪ್ರತಿ ವರ್ಷ ಅದರ ಮೇಲೇ ಹೋಗುತ್ತದೆ. ವಿಮೆ, ನಿಲ್ಲಿಸುವ ಜಾಗ, ಸರ್ವಿಸ್, ಚಳಿಗಾಲಕ್ಕೆ ಮುಚ್ಚಿಡುವುದು. ಓಡಿಸಿದರೂ ಇಷ್ಟು, ಓಡಿಸದಿದ್ದರೂ ಹೆಚ್ಚುಕಡಿಮೆ ಇಷ್ಟೇ. ಸರ್ವಿಸ್ 100 ಗಂಟೆಗೊಮ್ಮೆ ಇಲ್ಲವೇ ವರ್ಷಕ್ಕೊಮ್ಮೆ, ಯಾವುದು ಮೊದಲು ಬರುತ್ತೋ ಅದು. ಪೆಟ್ರೋಲ್ ಬೇರೆ. ಇಂಥ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 80 ಲೀಟರ್ ಹತ್ತಿರ ಕುಡಿಯುತ್ತದೆ. ಹದವಾಗಿ ಓಡಿಸಿದರೆ ಅದರ ಅರ್ಧ ಸಾಕು. ಮಾಲೀಕರಿಗೆ ಇದೆಲ್ಲ ಗೊತ್ತಿತ್ತು. ಲೆಕ್ಕ ಹಾಕಿಯೇ ಕೊಂಡಿದ್ದರು.

ಗಂಟೆಗಳು ಕರಗಿದ್ದು

2016ರಲ್ಲಿ 62 ಗಂಟೆ ಓಡಿತು. ಮನೆಮಂದಿ ಓಡಿಸುವ ಬೋಟಿಗೆ ಇದು ಒಳ್ಳೆಯ ಬಳಕೆ. 2017ರಲ್ಲಿ 54. 2018ರಲ್ಲಿ 37. 2019ರಲ್ಲಿ 21.

ನಾನು ಮೊದಲು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಮಕ್ಕಳು ದೊಡ್ಡವರಾಗುತ್ತಾರೆ, ಪರೀಕ್ಷೆ ಇರುತ್ತದೆ, ಗೆಳೆಯರು ಇರುತ್ತಾರೆ. ಆದರೆ ಓಡದ ಬೋಟ್ ಸುಮ್ನೆ ಇರುವುದಿಲ್ಲ, ಕೆಡುತ್ತದೆ. ಎಂಜಿನ್ ತಣಿಸಲು ನೀರು ಎಳೆಯುವ ಪಂಪಿನೊಳಗೆ ಇಂಪೆಲ್ಲರ್ ಅಂತ ಒಂದು ರಬ್ಬರ್ ಚಕ್ರ ಇದೆ. ನಿಂತಲ್ಲೇ ನಿಂತರೆ ಅದರ ರೆಕ್ಕೆಗಳು ಬಾಗಿದ ಹಾಗೇ ಸೆಟೆದುಕೊಳ್ಳುತ್ತವೆ. ಎಥನಾಲ್ ಬೆರೆಸಿದ ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ಗಾಳಿಯ ತೇವ ಹೀರುತ್ತದೆ. ತೇವ ಜಾಸ್ತಿಯಾದಾಗ ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ಉಳಿಯುತ್ತದೆ. ಎಂಜಿನ್ ಎಳೆಯುವುದು ಕೆಳಗಿನದನ್ನು. ಹಾಗಾಗಿ ಅಪರೂಪಕ್ಕೆ ನೀರಿಗಿಳಿಸಿದ ದಿನವೇ ಬೋಟ್ ಕೈಕೊಡುತ್ತದೆ. ಅದು ಕೈಕೊಟ್ಟಿತು ಅಂತ ಮನೆಯವರು ಇನ್ನೂ ಕಡಿಮೆ ಬರುತ್ತಾರೆ. ಈ ಸುಳಿಯಲ್ಲಿ ಸಿಕ್ಕಿಕೊಂಡ ಬೋಟುಗಳು ನನ್ನ ಶೆಡ್ಡಿನಲ್ಲೇ ಬೇಕಾದಷ್ಟಿವೆ.

ಅವರು ಮಾಡಿದ ಪ್ರಯತ್ನಗಳು

ಮೊದಲು ಸಾಮಾನು ಕೊಂಡರು. 2018ರಲ್ಲಿ ಎಳೆದುಕೊಂಡು ಹೋಗುವ ಟ್ಯೂಬ್, ವೇಕ್‌ಬೋರ್ಡ್ (ಬೋಟ್ ಎಳೆಯುವಾಗ ಮೇಲೆ ನಿಂತು ಜಾರುವ ಹಲಗೆ), ಒಳ್ಳೆಯ ಸ್ಪೀಕರ್ ಬಂದವು. ಮೂರು ವಾರ ಮಕ್ಕಳಿಗೆ ಖುಷಿ. ಆಮೇಲೆ ಟ್ಯೂಬ್ ಗ್ಯಾರೇಜ್ ಸೇರಿತು.

2019ರಲ್ಲಿ ನಿಯಮ ಮಾಡಿದರು. ತಿಂಗಳಿಗೆ ಎರಡು ಭಾನುವಾರ ಎಲ್ಲರೂ ಬೋಟಿಗೆ ಬರಲೇಬೇಕು. ಇದರ ಫಲ ಆ ವರ್ಷದ 21 ಗಂಟೆ. ಬಲವಂತದ ಭಾನುವಾರ ಹೇಗಿರುತ್ತದೆ ಅಂತ ಮಕ್ಕಳಿರುವ ಯಾರಿಗೂ ವಿವರಿಸಬೇಕಿಲ್ಲ ಅಲ್ವಾ.

ಆಮೇಲೆ 2020 ಬಂತು. ಕೋವಿಡ್‌ನಿಂದ ಸಿನಿಮಾ ಇಲ್ಲ, ಪ್ರವಾಸ ಇಲ್ಲ. ಮನೆಯವರಷ್ಟೇ ಕೂತು ಹೋಗಬಹುದಾದ ಬೋಟ್ ಎಲ್ಲರಿಗೂ ನೆನಪಾಯಿತು. ಅಮೆರಿಕದಲ್ಲಿ ಆ ವರ್ಷ ಬೋಟ್ ಡೀಲರುಗಳ ಅಂಗಳ ಖಾಲಿಯಾಯಿತು, ಹೊಸ ಬೋಟಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಈ ಮನೆಯಲ್ಲೂ ಮೀಟರ್ 44 ಗಂಟೆ ಏರಿತು. ಮಾಲೀಕರ ಮುಖದಲ್ಲಿ ಆ ವರ್ಷ ನಾನು ನೋಡಿದ ಸಂತೋಷ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ನೋಡಿ, ವಾಪಸ್ ಬಂದ್ರು" ಅಂದರು.

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಅವರು 44ನ್ನು ತಪ್ಪಾಗಿ ಓದಿದರು. ನಾನೂ ಹಾಗೇ ಓದಿದೆ, ಒಪ್ಪಿಕೊಳ್ಳಬೇಕು. ಬೇರೆಲ್ಲ ಬಾಗಿಲು ಮುಚ್ಚಿದ್ದಕ್ಕೆ ಬಂದ ಗಂಟೆಗಳು ಅವು. ಬೋಟಿನ ಮೇಲಿನ ಪ್ರೀತಿ ಮರಳಿದ್ದಕ್ಕೆ ಬಂದವಲ್ಲ. ಆ ನಂಬಿಕೆಯ ಮೇಲೆ ಅವರು ಸೀಟುಗಳಿಗೆಲ್ಲ ಹೊಸ ಹೊದಿಕೆ ಹಾಕಿಸಿದರು, ವೇಕ್‌ಬೋರ್ಡ್ ಎಳೆಯಲು ಮೇಲೆ ಟವರ್ ಕೂರಿಸಿದರು. ಆ ಕೆಲಸ ಮಾಡಿಕೊಟ್ಟು ದುಡ್ಡು ತೆಗೆದುಕೊಂಡವನು ನಾನು. ಅವತ್ತೇ "ಒಂದು ವರ್ಷ ಕಾದು ನೋಡೋಣ" ಅನ್ನಬೇಕಿತ್ತು.

2021ರಲ್ಲಿ ಎಲ್ಲ ತೆರೆಯಿತು. ಮಗಳಿಗೆ 17, ಮಗನಿಗೆ 14. ಟ್ರೇಲರ್ ಎಳೆದು ತರುವ ರಗಳೆಯೇ ಅಡ್ಡಿ ಅಂತ ತೀರ್ಮಾನಿಸಿ, ಮಾಲೀಕರು ಜೆಟ್ಟಿಯಲ್ಲೇ ಒಂದು ಜಾಗ ಬಾಡಿಗೆಗೆ ಹಿಡಿದರು. ಬೋಟ್ ಇಡೀ ಬೇಸಿಗೆ ನೀರಿನಲ್ಲೇ ಇತ್ತು. ತಳಕ್ಕೆ ಪಾಚಿ ಕಟ್ಟಿತು. ಹೊಸ ಸೀಟಿನ ಮೇಲೆ ಬೂಷ್ಟು ಬಂತು. ಸೀಸನ್ ಕೊನೆಯಲ್ಲಿ ಡ್ರೈವಿನ ಗೇರ್ ಆಯಿಲ್ ಇಳಿಸಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ. ಸೀಲ್ ಹೋಗಿ ಒಳಗೆ ನೀರು ಸೇರಿತ್ತು. ಓಡಿದ್ದು 14 ಗಂಟೆ.

ಕ್ಲಬ್ ಸೇರುವ ಮಾತೂ ಬಂತು. ತಿಂಗಳ ಚಂದಾ ಕಟ್ಟಿ, ಬೇಕಾದಾಗ ಬೋಟ್ ತೆಗೆದುಕೊಂಡು ಹೋಗಿ, ವಾಪಸ್ ಕೊಟ್ಟು ಕೈ ತೊಳೆದುಕೊಳ್ಳುವುದು. ಇದು ಸಣ್ಣ ಬದಲಾವಣೆ ಅಲ್ಲ. ಫ್ಲೋರಿಡಾದಲ್ಲಿ 1989ರಲ್ಲಿ ಶುರುವಾದ ಫ್ರೀಡಂ ಬೋಟ್ ಕ್ಲಬ್ ಅನ್ನು 2019ರಲ್ಲಿ ಬ್ರನ್ಸ್‌ವಿಕ್ ಕೊಂಡುಕೊಂಡಿತು. ಮರ್ಕ್ಯುರಿ ಎಂಜಿನ್ ಮಾಡುವುದು ಇದೇ ಬ್ರನ್ಸ್‌ವಿಕ್. ಬೋಟು, ಎಂಜಿನ್ ಮಾರುವವರೇ ಕ್ಲಬ್ ಕೊಳ್ಳುತ್ತಾರೆ ಅಂದರೆ, ಮುಂದೆ ಜನ ಬೋಟ್ ಕೊಳ್ಳದೆಯೇ ಬೋಟಿಂಗ್ ಮಾಡುತ್ತಾರೆ ಅಂತ ಅವರಿಗೂ ಅನ್ನಿಸಿದೆ. ಇನ್ನೊಂದು ವಿಷಯ ನನ್ನಂಥವರಿಗೆ ನೋವು ಕೊಡುತ್ತದೆ. 1909ರಲ್ಲಿ ಓಲೆ ಎವಿನ್‌ರೂಡ್ ಔಟ್‌ಬೋರ್ಡ್ ಮೋಟಾರ್ ಮಾರಲು ಶುರುಮಾಡಿದ ಮೇಲೆ ಸಾಮಾನ್ಯ ಜನರ ದೋಣಿಗೂ ಮೋಟಾರ್ ಬಂತು. ಆ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಎಲ್ಲರೂ ಬೋಟಿಗೆ ಮುಗಿಬಿದ್ದ ಅದೇ ವರ್ಷ!

ಮಾಲೀಕರು ಕ್ಲಬ್ ಬೇಡ ಅಂದರು. ಅಪ್ಪನ ದೋಣಿಯ ನೆನಪು ಬಾಡಿಗೆ ಬೋಟಿನಲ್ಲಿ ಸಿಗುವುದಿಲ್ಲ ಅನ್ನುವುದು ಅವರ ಮಾತು. ಆಗ ನನಗೂ ಅದು ಸರಿ ಅನ್ನಿಸಿತ್ತು.

ಆ ಒಂದು ಭಾನುವಾರ

2022ರಲ್ಲಿ ಬೋಟ್ ಮತ್ತೆ ಟ್ರೇಲರ್ ಮೇಲೆ ಮನೆಗೆ ಬಂತು. ಸೀಸನ್ ಮುಗಿಯುವ ಹೊತ್ತಿಗೆ ಮಾಲೀಕರು ಫೋನ್ ಮಾಡಿದರು. "ಮಾರಿಬಿಡೋಣ ಅಂತಿದ್ದೀನಿ. ಕೊನೇ ಸಲ ಎಲ್ಲರೂ ಹೋಗ್ತಾ ಇದ್ದೀವಿ. ನೀವೂ ಬನ್ನಿ, ಎಂಜಿನ್ ಸದ್ದು ಕೇಳಿ ಬೆಲೆ ಹೇಳಿ."

ಹೋದೆ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇತ್ತು. ಸಮಯ ಬರೆಯುತ್ತಾ ಹೋದೆ, ಬೇರೆ ಕೆಲಸ ಇರಲಿಲ್ಲ.

9 ಗಂಟೆಗೆ ಹೊದಿಕೆ ತೆಗೆದರು. ಮೇಲೆ ಕೊಳೆತ ಎಲೆ, ಮಡಿಕೆಗಳಲ್ಲಿ ನಿಂತ ನೀರು. ಬ್ಯಾಟರಿ ಸತ್ತಿತ್ತು, ಚಾರ್ಜಿಗೆ ಹಾಕಿದರು. ಟ್ರೇಲರಿನ ಒಂದು ದೀಪ ಉರಿಯಲಿಲ್ಲ. ಮನೆ ಬಿಟ್ಟಾಗ 10:40. ದಾರಿಯಲ್ಲಿ ಪೆಟ್ರೋಲ್. ಬೋಟ್ ಇಳಿಸುವ ಇಳಿಜಾರಿನಲ್ಲಿ ನಮ್ಮ ಮುಂದೆ ನಾಲ್ಕು ಬೋಟುಗಳ ಸಾಲು. ಪಟ್ಟಿ ಬಿಚ್ಚಿ, ತಳದ ಬಿರಡೆ ಹಾಕಿದ್ದೀವಾ ಅಂತ ಎರಡೆರಡು ಸಲ ನೋಡಿ, ಇಳಿಸಿದರು. ಒಳಗಿರುವ ಪೆಟ್ರೋಲ್ ಎಂಜಿನ್ ಚಾಲೂ ಮಾಡುವ ಮುಂಚೆ ಆವಿ ಹೊರಹೋಗಲು ಕಡಿಮೆ ಅಂದರೂ 4 ನಿಮಿಷ ಬ್ಲೋವರ್ ಹಾಕಬೇಕು. ಅದನ್ನು ಅವರು ಯಾವತ್ತೂ ತಪ್ಪಿಸಿದವರಲ್ಲ. ಎಂಜಿನ್ ಶುರುವಾದಾಗ 12:20.

ನೀರಿನ ಮೇಲೆ ಇದ್ದದ್ದು 1 ಗಂಟೆ 10 ನಿಮಿಷ. ಬೋಟ್ ಮೂಗು ಎತ್ತಿ, ಆಮೇಲೆ ಸಮವಾಗಿ ನೀರಿನ ಮೇಲೆ ಜಾರತೊಡಗಿದಾಗ ಮಗ ಒಮ್ಮೆ ತಲೆ ಎತ್ತಿ ನಕ್ಕ. ಮತ್ತೆ ಮೊಬೈಲಿಗೆ ಬಗ್ಗಿದ. ಮಾಲೀಕರ ಹೆಂಡತಿ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿ ಕೂತಿದ್ದರು. ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು.

ವಾಪಸ್ ಬರುವಾಗ ಗಾಳಿ ಎದ್ದಿತ್ತು, ಜೆಟ್ಟಿಯಿಂದ ಬೋಟನ್ನು ದೂರ ತಳ್ಳುವ ಗಾಳಿ. ಮಾಲೀಕರು ಸ್ಟಿಯರಿಂಗ್ ಹಿಡಿದು ನಿಂತರು. ಮಗಳು ಬೋಟಿನ ಮೂಗಿನ ಹತ್ತಿರ ಹಗ್ಗ ಹಿಡಿದು ನಿಂತಳು. ಬೋಟ್ ಹತ್ತಿರ ಹೋದಾಗ ಅವಳು ಜೆಟ್ಟಿಗೆ ಕಾಲಿಟ್ಟು, ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿಯಾಗಿ ಎಳೆದಳು. ಮುಂದಿನ ಹಗ್ಗ ಮೊದಲು ಬಿಗಿದರೆ ಬೋಟಿನ ಹಿಂಭಾಗ ಬಾಗಿಲಿನಂತೆ ಹೊರಕ್ಕೆ ತಿರುಗುತ್ತದೆ. ಹಾಗೇ ತಿರುಗಿತು.

"ಬಿಡು! ಹಗ್ಗ ಬಿಡು! ಅದಲ್ಲ, ಹಿಂದಿಂದು! ಎಷ್ಟು ಸಲ ಹೇಳೋದು!"

ಇಳಿಜಾರಿನ ಹತ್ತಿರ ನಿಂತವರೆಲ್ಲ ತಿರುಗಿ ನೋಡಿದರು. ಮಗಳು ಹಗ್ಗ ಬಿಟ್ಟಳು. ಅಂಗೈ ಕೆಂಪಾಗಿತ್ತು. ಅವಳ ಕೈಯಲ್ಲಿದ್ದ ಹಗ್ಗ ಯಾಕೆ ತಪ್ಪು ಹಗ್ಗ ಅಂತ ಏಳು ವರ್ಷದಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಪ್ರತಿ ಸಲ "ಹಗ್ಗ ಹಿಡಿ" ಅಂದಿದ್ದರು, ಅಷ್ಟೇ.

ಮನೆಗೆ ಬಂದು, ಎಂಜಿನಿಗೆ ಸಿಹಿನೀರು ಹಾಯಿಸಿ, ಒರೆಸಿ, ಹೊದಿಕೆ ಕಟ್ಟಿದಾಗ 4:30. ಏಳೂವರೆ ಗಂಟೆಯಲ್ಲಿ ನೀರಿನ ಮೇಲೆ ಒಂದು ಗಂಟೆ ಚಿಲ್ಲರೆ. ಮೀಟರ್ ನೋಡಿದೆ. ಆ ಇಡೀ ವರ್ಷಕ್ಕೆ 6 ಗಂಟೆ.

ಮಗಳು ಗ್ಯಾರೇಜಿನಲ್ಲಿ ಲೈಫ್ ಜಾಕೆಟ್ ತೂಗುಹಾಕುತ್ತಿದ್ದಳು. ಮಾರುತ್ತಾರಂತೆ, ಬೇಜಾರಾ ಅಂತ ಕೇಳಿದೆ.

"ಇಲ್ಲ ಅಂಕಲ್. ನಂಗೆ ಬೋಟ್ ಅಂದ್ರೆ ಅಪ್ಪ ಬೈಯೋ ಜಾಗ."

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಕೇಳಿಸಿತು. ಏನೂ ಅನ್ನಲಿಲ್ಲ.

ತೀರ್ಮಾನ ಬದಲಾದದ್ದು

ಒಂದು ವಾರ ಬಿಟ್ಟು ಅವರು ಶೆಡ್ಡಿಗೆ ಬಂದರು. ನನ್ನ ಪುಸ್ತಕ ಕೇಳಿದರು. ಸಮಯದ ಲೆಕ್ಕ ನೋಡಿದರು. ಆಮೇಲೆ ಅವರೇ ಹೇಳಿದ ಮಾತು ಈ ಪ್ರಕರಣದ ಎರಡನೇ ತಿರುವು. "ನಮ್ಮಪ್ಪ ನಂಗೆ ಹತ್ತು ವರ್ಷಕ್ಕೇ ಮೋಟಾರ್ ಕೊಟ್ಟಿದ್ರು. ನಾನು ಇವರಿಗೆ ಸೀಟ್ ಕೊಟ್ಟೆ."

ದುಡ್ಡು, ಸಮಯ, ಮೊಬೈಲು ಎಲ್ಲವೂ ಕಾರಣಗಳೇ. ನಾನು ಅವನ್ನು ತಳ್ಳಿಹಾಕುವುದಿಲ್ಲ. 1991ರಲ್ಲಿ ಅಮೆರಿಕ ದುಬಾರಿ ಬೋಟುಗಳ ಮೇಲೆ 10% ಐಷಾರಾಮಿ ತೆರಿಗೆ ಹಾಕಿದಾಗ ಮಾರಾಟ ಬಿದ್ದು, ಬೋಟ್ ಕಟ್ಟುವವರು ಕೆಲಸ ಕಳೆದುಕೊಂಡು, 1993ರಲ್ಲಿ ಅದನ್ನು ತೆಗೆಯಬೇಕಾಯಿತು. 2008ರ ಆರ್ಥಿಕ ಕುಸಿತದಲ್ಲಿ ಮತ್ತೆ ಅದೇ ಪಾಡು. ದುಡ್ಡಿನ ಏಟು ನಿಜ. ಆದರೆ ಅದು ಕೊಳ್ಳುವವರನ್ನು ತಡೆಯುತ್ತದೆ. ಕೊಂಡವರ ಮನೆಯಲ್ಲಿ ಬೋಟ್ ಯಾಕೆ ಸಾಯುತ್ತದೆ ಅನ್ನುವುದಕ್ಕೆ ಅದು ಪೂರ್ತಿ ಉತ್ತರ ಆಗುವುದಿಲ್ಲ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಬೋಟ್ ಓಡಿಸಲು ಬರುವುದು ಒಬ್ಬರಿಗೆ ಮಾತ್ರ. ಉಳಿದವರು ಪ್ರಯಾಣಿಕರು. ಆ ಒಬ್ಬರಿಗೆ ಬಿಡುವಿಲ್ಲದ ದಿನ ಯಾರಿಗೂ ಬೋಟ್ ಇಲ್ಲ. ಆ ಒಬ್ಬರಿಗೆ ವಯಸ್ಸಾದಾಗ ಬೋಟಿಗೂ ವಯಸ್ಸಾಗುತ್ತದೆ. ಪ್ರಯಾಣಿಕರಾಗಿ ಬೆಳೆದ ಮಕ್ಕಳು ದೊಡ್ಡವರಾಗಿ ಬೋಟ್ ಕೊಳ್ಳಲಿ ಅಂದರೆ ಹೇಗೆ?

ಮಾರುವುದನ್ನು ಒಂದು ಸೀಸನ್ ಮುಂದಕ್ಕೆ ಹಾಕಿದರು. 2023ರ ವಸಂತದಲ್ಲಿ ಎರಡು ಕೆಲಸ ಆದವು.

ಒಂದು, ಹಂಚಿಕೊಳ್ಳುವುದು. ಪರಿಚಯದ ಇನ್ನೆರಡು ಕುಟುಂಬಗಳು ಸೇರಿಕೊಂಡವು. ಬಾಯಿಮಾತಿನಲ್ಲಿ ಬಿಡಬೇಡಿ ಅಂತ ನಾನು ಹಟ ಹಿಡಿದೆ. ಯಾರಿಗೆ ಯಾವ ವಾರ, ಟ್ಯಾಂಕ್ ಎಷ್ಟು ತುಂಬಿಸಿ ಒಪ್ಪಿಸಬೇಕು, ಏನಾದರೂ ಮುರಿದರೆ ಯಾರು ಕಟ್ಟಬೇಕು, ಬಿಟ್ಟುಹೋಗುವವರ ಪಾಲು ಹೇಗೆ, ಎಲ್ಲ ಬರೆದು ಸಹಿ ಹಾಕಿದರು. ವಿಮೆಯವರಿಗೂ ಮೊದಲೇ ಬರೆದು ತಿಳಿಸಿ ಎಲ್ಲರ ಹೆಸರು ಸೇರಿಸಿದರು. ಹಂಚಿಕೊಂಡದ್ದು ಬಾಡಿಗೆಗೆ ಕೊಟ್ಟ ಹಾಗೆ ಕಂಡರೆ ಅಪಘಾತದ ದಿನ ವಿಮೆ ಕೈಬಿಡಬಹುದು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನೊಂದು, ಕಲಿಸುವುದು. ಮಗಳಿಗೂ ಮಾಲೀಕರ ಹೆಂಡತಿಗೂ ಬೇಕಾದ ಸರ್ಟಿಫಿಕೇಟ್ ಮಾಡಿಸಿದರು. ಓಡಿಸಲು ನಾನು ಹೇಳಿಕೊಟ್ಟೆ. ಅಪ್ಪ ದಡದಲ್ಲೇ ಇರಬೇಕು ಅನ್ನುವುದು ನನ್ನ ಒಂದೇ ಷರತ್ತು. ಗಾಳಿ ಇಲ್ಲದ ಬೆಳಗ್ಗೆ, ನೀರಿನ ನಡುವೆ ಒಂದು ತೇಲುವ ಡಬ್ಬ ಕಟ್ಟಿ, ಅದೇ ಜೆಟ್ಟಿ ಅಂದುಕೊಂಡು ಹತ್ತಿರ ಹೋಗುವ ಅಭ್ಯಾಸ. ನಿಧಾನದಲ್ಲಿ ಈ ಥರದ ಬೋಟ್ ಸ್ಟಿಯರಿಂಗ್ ಮಾತು ಕೇಳುವುದು ಗೇರ್ ಬಿದ್ದಾಗ ಮಾತ್ರ. ಒಂದು ಕ್ಷಣ ಗೇರ್, ಮತ್ತೆ ನ್ಯೂಟ್ರಲ್. ಮತ್ತೆ ಒಂದು ಕ್ಷಣ. ಆತುರ ಪಟ್ಟರೆ ಆಗುವುದಿಲ್ಲ. ಜೆಟ್ಟಿಗೆ ಬಂದಾಗ ನಡುವಿನ ಹಗ್ಗ ಮೊದಲು. ಅದನ್ನು ಬಿಗಿದರೆ ಬೋಟ್ ಮೂಗೂ ತಿರುಗಿಸುವುದಿಲ್ಲ, ಬಾಲವೂ ತಿರುಗಿಸುವುದಿಲ್ಲ. ಕೂಗುವುದರ ಬದಲು ಕೈಸನ್ನೆ. ಓಡಿಸುವವರು ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗದ ಕ್ಲಿಪ್ ಯಾವಾಗಲೂ ಓಡಿಸುವವರ ಮೈಮೇಲೆ.

ನಾಲ್ಕನೇ ದಿನ ಮಗಳು ಅಡ್ಡ ಗಾಳಿಯಲ್ಲೇ ಬೋಟನ್ನು ತಂದು ಜೆಟ್ಟಿಗೆ ಮುಟ್ಟಿಸಿದಳು. ರಬ್ಬರ್ ದಿಂಬು ಒತ್ತಿಕೊಂಡ ಸದ್ದೂ ಆಗಲಿಲ್ಲ. ದಡದಲ್ಲಿ ಅಪ್ಪ ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದರು. ಕೂಗಬಾರದು ಅಂತ ತಾವೇ ಕಟ್ಟಿಹಾಕಿಕೊಂಡ ಕೈಗಳು ಅವು.

ಏನಾಯಿತು

2023ರಲ್ಲಿ ಮೂರೂ ಕುಟುಂಬ ಸೇರಿ 48 ಗಂಟೆ. ಇವರ ಪಾಲು 17. 2024ರಲ್ಲಿ ಒಟ್ಟು 71, ಇವರದು 26. ಹಳೆಯ 62ರ ಹತ್ತಿರಕ್ಕೂ ಹೋಗಲಿಲ್ಲ. ಆದರೆ ಆ 26ರಲ್ಲಿ ಅರ್ಧಕ್ಕಿಂತ ಹೆಚ್ಚು ಅಪ್ಪ ಸ್ಟಿಯರಿಂಗ್ ಮುಟ್ಟದ ಗಂಟೆಗಳು. ಮಗಳು ಗೆಳತಿಯರ ಜೊತೆ ಹೋದಳು. ಅಮ್ಮ ಮಗಳು ಇಬ್ಬರೇ ಹೋದದ್ದೂ ಇದೆ. ಬೋಟ್ ವಾರವಾರ ಓಡಿದ್ದರಿಂದ ಪೆಟ್ರೋಲ್ ಹಳಸಲಿಲ್ಲ, ಬ್ಯಾಟರಿ ಸಾಯಲಿಲ್ಲ. ನನ್ನ ಬಿಲ್ಲೂ ಇಳಿಯಿತು, ಅದು ಮೂರು ಪಾಲಾಯಿತು.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. 2024ರ ಮಧ್ಯದಲ್ಲಿ ಒಂದು ಕುಟುಂಬ ನೀರು ಕಡಿಮೆ ಇರುವಲ್ಲಿ ಹೋಗಿ ಪ್ರೊಪೆಲ್ಲರನ್ನು ಬಂಡೆಗೆ ಹೊಡೆಸಿತು. ರೆಕ್ಕೆ ಬಾಗಿತು, ಶಾಫ್ಟೂ ನೆಟ್ಟಗಿರಲಿಲ್ಲ. ಕಟ್ಟುವವರು ಯಾರು ಅಂತ ಒಪ್ಪಂದದಲ್ಲಿ ಇತ್ತು. ಆದರೂ ಮಾತು ಬೆಳೆಯಿತು. ಆ ಕುಟುಂಬ ದುಡ್ಡು ಕಟ್ಟಿ, ಸೀಸನ್ ಕೊನೆಗೆ ಪಾಲು ಬಿಟ್ಟುಹೋಯಿತು. ಬರೆದದ್ದು ಇದ್ದುದರಿಂದ ಬೋಟ್ ಉಳಿಯಿತು, ಸ್ನೇಹ ಅಷ್ಟಾಗಿ ಉಳಿಯಲಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.

ಮಗನಿಗೆ ಬೋಟ್ ಹಿಡಿಸಲಿಲ್ಲ. ಕಲಿಸುತ್ತೇನೆ ಅಂದೆ, ಬೇಡ ಅಂದ. ಅಪ್ಪ ಒತ್ತಾಯ ಮಾಡಲಿಲ್ಲ. 2019ರ ಭಾನುವಾರಗಳು ಇಲ್ಲದಿದ್ದರೆ ಅವನ ಉತ್ತರ ಬೇರೆ ಇರುತ್ತಿತ್ತೇನೋ ಅಂತ ಅವರು ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು.

ಇಂಥದೇ ಸ್ಥಿತಿಯಲ್ಲಿರುವವರು ನನ್ನ ಹತ್ತಿರ ಬಂದರೆ ಈಗ ಬೋಟಿನ ಬೆಲೆ ಹೇಳುವ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ನೀವಿಲ್ಲದ ದಿನ ಮನೆಯಲ್ಲಿ ಯಾರು ಇದನ್ನು ನೀರಿಗಿಳಿಸಿ ವಾಪಸ್ ತರಬಲ್ಲರು? ಯಾರೂ ಇಲ್ಲ ಅಂದರೆ, ಕಲಿಸಲು ಒಂದು ಸೀಸನ್ ಕೊಡುತ್ತೀರಾ? ಕೊಡಲು ಮನಸ್ಸಿಲ್ಲದವರಿಗೆ ಮಾರಿಬಿಡಿ ಅಂತಲೇ ಹೇಳುತ್ತೇನೆ, ಇಲ್ಲವೇ ಕ್ಲಬ್ ಸೇರಿ ಅನ್ನುತ್ತೇನೆ. ಕ್ಲಬ್ ಬಗ್ಗೆ ನನ್ನ ಹಳೆಯ ಅಭಿಪ್ರಾಯ ಬದಲಾಗಿದೆ. ಅಲ್ಲಿ ಸೇರುವವರಿಗೆ ಓಡಿಸಲು ಕಲಿಸಿಯೇ ಕೀ ಕೊಡುತ್ತಾರೆ. ಎಷ್ಟೋ ಮಾಲೀಕರ ಮನೆಯಲ್ಲಿ ಅದೂ ಆಗುವುದಿಲ್ಲ.

2025ರ ಸೀಸನ್ ಶುರುವಾಗುವ ಮುಂಚೆ ಆ ಮನೆಯಿಂದ ಫೋನ್ ಬಂತು. ಮಾಲೀಕರು ಅಂದುಕೊಂಡು ತೆಗೆದೆ. ಮಗಳು.

"ಅಂಕಲ್, ಗೇರ್ ಆಯಿಲ್ ಇಳಿಸಿದೆ. ಬಣ್ಣ ಸರಿಯಾಗೇ ಇದೆ ಅನ್ಸತ್ತೆ. ಫೋಟೋ ಕಳಿಸಿದೀನಿ, ಒಂದ್ಸಲ ನೋಡ್ತೀರಾ? ಮತ್ತೆ ಇಂಪೆಲ್ಲರ್ ನಾನೇ ಬದಲಾಯಿಸ್ಬೇಕು ಅಂತಿದ್ದೀನಿ. ಯಾವ ಸ್ಪ್ಯಾನರ್ ಬೇಕು?"

ಫೋಟೋ ನೋಡಿದೆ. ತಟ್ಟೆಯಲ್ಲಿ ಎಣ್ಣೆ ತಿಳಿಯಾಗಿತ್ತು, ಹಾಲಿನ ಗೆರೆ ಇರಲಿಲ್ಲ. ಸ್ಪ್ಯಾನರಿನ ಸೈಜ್ ಹೇಳಿದೆ.